ಹಾಲುಹಲ್ಲಿನ ಕೆಲಸ

ನನ್ನ ಅಕ್ಕನನ್ನು ನಮ್ಮ ಸಾಲುಮನೆಗಳಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವಳು ಇಲಿ. ಈಗ ಅವಳಿಗೆ ನಲವತ್ತಮೂರು ವರ್ಷ, ತಲೆಗೂದಲು ಅರ್ಧ ಬೆಳ್ಳಗಾಗಿದೆ, ಮೂಗಿನ ಮೇಲೆ ಕನ್ನಡಕ ಬಂದಿದೆ, ಆದರೂ ಇಲಿಯೇ. ಹೊಸಬರು ಕೇಳಿದರೆ ಹೆಣ್ಣುಮಗಳಿಗೆ ಇದೆಂಥ ಹೆಸರು ಅಂತ ಮೂಗು ಮುರಿಯುತ್ತಾರೆ. ನಾಲ್ಕು ವರ್ಷದವಳಿದ್ದಾಗ ಅದು ಅವಳಿಗೆ ಸಿಕ್ಕ ಬಿರುದು ಅಂತ ಅವರಿಗೇನು ಗೊತ್ತು? ಇಪ್ಪತ್ತೆರಡು ಮನೆಗಳ ಮಕ್ಕಳಲ್ಲಿ ಅವಳಷ್ಟು ಚುರುಕಾಗಿ, ಅವಳಷ್ಟು ನಯವಾಗಿ ಕಚ್ಚುವವರು ಇನ್ನೊಬ್ಬರಿರಲಿಲ್ಲ.

ಏನು ಕಚ್ಚುವುದು ಅಂತ ಹೇಳುತ್ತೇನೆ. ಹೇಳುವಾಗ ನನಗೆ ಪಿತ್ತ ನೆತ್ತಿಗೇರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಮನೆಗಳ ಹಿಂದೆಯೇ ಗೊಂಬೆ ಫ್ಯಾಕ್ಟರಿ ಇತ್ತು. ಸ್ನಾನದ ನೀರಿನಲ್ಲಿ ತೇಲಿಬಿಡುವ ಮೆತ್ತನೆಯ ಪ್ಲಾಸ್ಟಿಕ್ ಬಾತುಕೋಳಿ, ಆಮೆ, ಮೀನು ಅಲ್ಲಿ ಆಗುತ್ತಿದ್ದವು. ಅಚ್ಚಿನ ಎರಡು ಹೋಳು ಸೇರುವ ಕಡೆ ಪ್ಲಾಸ್ಟಿಕ್ ಚೂರು ಹೊರಗೆ ಜಿನುಗಿ, ಬಾತುಕೋಳಿಯ ತಲೆಯಿಂದ ಬಾಲದವರೆಗೆ ಒಂದು ತೆಳುವಾದ ಪೊರೆ ನಿಲ್ಲುತ್ತಿತ್ತು. ಅದನ್ನು ತೆಗೆಯಬೇಕು. ಬ್ಲೇಡು ಹಾಕಿದರೆ ಮೆತ್ತನೆಯ ಮೈಗೆ ಗೀರು ಬಿದ್ದು ಮಾಲು ಕೆಡುತ್ತಿತ್ತು. ದೊಡ್ಡವರ ಹಲ್ಲು ಅಗಲ, ಗುರುತು ಬೀಳುತ್ತಿತ್ತು. ಮಕ್ಕಳ ಹಾಲುಹಲ್ಲು ಮಾತ್ರ ಚಿಕ್ಕದು, ಚೂಪು, ಪೊರೆಯನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿ ಕೊಡುತ್ತಿತ್ತು. ಇದನ್ನು ಯಾವ ಪುಣ್ಯಾತ್ಮ ಮೊದಲು ಕಂಡುಹಿಡಿದನೋ ಗೊತ್ತಿಲ್ಲ. ನಾವು ಹುಟ್ಟುವ ಹೊತ್ತಿಗೆ ಅದು ನಮ್ಮ ಸಾಲಿನ ರೂಢಿಯಾಗಿಬಿಟ್ಟಿತ್ತು. ಬೆಳಿಗ್ಗೆ ಫ್ಯಾಕ್ಟರಿಯ ಮೇಸ್ತ್ರಿ ತಳ್ಳುಗಾಡಿಯಲ್ಲಿ ಚೀಲಗಳನ್ನು ತಂದು ಬಾಗಿಲಿಗೊಂದು ಇಳಿಸುವುದು, ಅಮ್ಮಂದಿರು ಹೊಸ್ತಿಲಲ್ಲಿ ಕೂತು ಮಕ್ಕಳ ಮುಂದೆ ಗುಡ್ಡೆ ಹಾಕುವುದು, ಸಂಜೆ ಅವನು ಬಂದು ಒಯ್ಯುವುದು. ಫ್ಯಾಕ್ಟರಿಯ ಕಾಗದದಲ್ಲಿ ಮಾತ್ರ ಒಂದು ಮಗುವಿನ ಹೆಸರೂ ಇರಲಿಲ್ಲ. ಕೆಲಸ ಕೊಟ್ಟದ್ದು ಅಮ್ಮಂದಿರಿಗೆ, ಅವರು ಮನೆಯಲ್ಲಿ ಹೇಗೆ ಮಾಡಿಕೊಂಡರೆ ಫ್ಯಾಕ್ಟರಿಗೇನು!

ಮೇಸ್ತ್ರಿ ಮಕ್ಕಳ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ಹಲ್ಲು ನೋಡುತ್ತಿದ್ದ. ದನ ಕೊಳ್ಳುವವರು ನೋಡುತ್ತಾರಲ್ಲ, ಹಾಗೆ. ನನಗೆ ಮೂರೂವರೆ ತುಂಬಿದಾಗ ನನ್ನದನ್ನೂ ನೋಡಿದ. ನನ್ನ ಮುಂದಿನ ಹಲ್ಲುಗಳು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ. ಇದು ಆಗಲ್ಲ ಅಂದು ಕೈ ಒರೆಸಿಕೊಂಡು ಮುಂದಿನ ಮನೆಗೆ ಹೋದ. ಅವತ್ತು ನಾನು ಅತ್ತ ಅಳು ಅಷ್ಟಿಷ್ಟಲ್ಲ. ಕಚ್ಚುವ ಮಕ್ಕಳಿಗೆ ವಾರಕ್ಕೊಂದು ಪೆಪ್ಪರ್‌ಮಿಂಟಿನ ಪೊಟ್ಟಣ ಸಿಗುತ್ತಿತ್ತು. ನನಗೆ ಉಳಿದದ್ದು ಅಕ್ಕ ಕಚ್ಚಿ ಬಿಸಾಡಿದ ಪೊರೆಗಳನ್ನು ಗುಡಿಸುವ ಕೆಲಸ. ಈ ವಕ್ರ ಹಲ್ಲುಗಳೇ ನನ್ನನ್ನು ಕಾಪಾಡಿದವು ಅಂತ ತಿಳಿಯಲು ನನಗೆ ಮೂವತ್ತೈದು ವರ್ಷ ಬೇಕಾಯಿತು. ತಿಳಿದ ಮೇಲೂ ಸಮಾಧಾನವಾಗಲಿಲ್ಲ. ಅವಳನ್ನು ಬಿಟ್ಟು ನನ್ನೊಬ್ಬಳನ್ನು ಕಾಪಾಡಿ ಏನು ಸಾಧಿಸಿದ ಹಾಗಾಯಿತು?

ಅಪ್ಪ ಅದೇ ಫ್ಯಾಕ್ಟರಿಯಲ್ಲಿ ಎಣ್ಣೆ ಬೆರೆಸುವವನು. ಪ್ಲಾಸ್ಟಿಕ್ ಪುಡಿ ಹಾಗೇ ಅಚ್ಚಿಗೆ ಹೋದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪೀಪಾಯಿಯಲ್ಲಿ ಬರುವ ಎಣ್ಣೆಯೇ ಅದನ್ನು ಮೆತ್ತಗೆ ಮಾಡುವುದು ಅಂತ ಅವನು ಊಟಕ್ಕೆ ಕೂತಾಗ ದೊಡ್ಡ ವಿಜ್ಞಾನಿಯ ಹಾಗೆ ವಿವರಿಸುತ್ತಿದ್ದ. ಅವನ ಅಂಗಿಯಿಂದಲೂ ಅಕ್ಕನ ಬಾಯಿಯಿಂದಲೂ ಒಂದೇ ವಾಸನೆ ಬರುತ್ತಿತ್ತು, ಸಿಹಿಯಾದ, ಹೊಸ ಸಾಮಾನಿನ ವಾಸನೆ. ಅಕ್ಕನ ತುಟಿ ಸದಾ ಮಿರಮಿರ ಹೊಳೆಯುತ್ತಿತ್ತು. ಅಕ್ಕಪಕ್ಕದವರು ಅವಳ ಗಲ್ಲ ಹಿಂಡಿ, ನಮ್ಮ ಇಲಿ ಬೆಣ್ಣೆ ಕದ್ದು ತಿಂದಿದೆ ನೋಡಿ ಅಂತ ಛೇಡಿಸುತ್ತಿದ್ದರು.

ಅಮ್ಮ ಕೆಟ್ಟವಳಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವಳಿಗೆ ಏನೇನು ಅಂದೆ ಅಂತ ನೀವು ಓದುವವರಿದ್ದೀರಿ. ಚೀಲ ಬಿಚ್ಚಿದ ತಕ್ಷಣ ಅವಳು ಒಂದೊಂದು ಬಾತುಕೋಳಿಯನ್ನೂ ಒತ್ತಿ ನೋಡಿ, ಗಟ್ಟಿ ಇದ್ದದ್ದನ್ನು ಒಂದು ಕಡೆ, ಮೆತ್ತಗಿದ್ದದ್ದನ್ನು ಒಂದು ಕಡೆ ಇಡುತ್ತಿದ್ದಳು. ಗಟ್ಟಿಯವನ್ನು ತಾನೇ ಹೇಗೋ ಉಗುರಿನಿಂದ ಕೆರೆದು ಕೆರೆದು ಬಿಡಿಸುತ್ತಿದ್ದಳು. ಮಗಳ ದವಡೆ ನೋಯಬಾರದು ಅಂತ ಮೆತ್ತನೆಯವನ್ನೇ ಆರಿಸಿ ಅವಳ ಮುಂದಿಡುತ್ತಿದ್ದಳು. ಸಾಲಿನಲ್ಲಿ ಇನ್ಯಾವ ತಾಯಿಯೂ ಇಷ್ಟು ಮುತುವರ್ಜಿ ವಹಿಸುತ್ತಿರಲಿಲ್ಲ.

ಅಕ್ಕನ ಮೊದಲ ಹಲ್ಲು ಬಿದ್ದದ್ದು ಐದೂವರೆ ವರ್ಷಕ್ಕೆ. ಬಿದ್ದದ್ದಲ್ಲ, ಬಾತುಕೋಳಿಯ ಕತ್ತಿನಲ್ಲಿ ಸಿಕ್ಕಿಕೊಂಡು ಕಿತ್ತು ಬಂತು. ನಾನು ಎದುರಿಗೇ ಕೂತಿದ್ದೆ. ಹಳದಿ ಕತ್ತಿನ ಮೇಲೆ ಕೆಂಪು ಇಳಿಯಿತು. ಅಕ್ಕ ಅಳಲಿಲ್ಲ, ನಗಲು ಶುರು ಮಾಡಿದಳು. ದೊಡ್ಡವಳಾದ ಮೇಲೂ ನೆಂಟರ ಮುಂದೆ ಇದನ್ನು ಹೇಳಿ ನಗಿಸುತ್ತಿದ್ದಳು. ಅಮ್ಮ ಮಾತ್ರ ಅಂಥದ್ದೇನೂ ಆಗಿಲ್ಲ, ಹಲ್ಲು ಬಚ್ಚಲಲ್ಲಿ ಬಾಯಿ ಮುಕ್ಕಳಿಸುವಾಗ ಬಿತ್ತು ಅನ್ನುತ್ತಿದ್ದಳು.

ಎಂಟು ವರ್ಷಕ್ಕೆ ಅಕ್ಕ ಮೈನೆರೆದಳು. ಎಂಟು! ಎರಡನೇ ಕ್ಲಾಸಿನ ಮಗ್ಗಿ ಬಾಯಿಗೆ ಬಾರದ ಮಗು. ಶಾಲೆಯಲ್ಲಿ ಬೆಂಚಿನ ಮೇಲೆ ರಕ್ತ ಕಂಡು ಮೇಷ್ಟ್ರು ಗಾಯವಾಗಿದೆ ಅಂದುಕೊಂಡು ಹತ್ತಿ ತಂದರಂತೆ. ಮೈ ಬೆಳೆದ ಮಗು ಅಂತ ಬೀದಿಯ ಗಂಡಸರ ಕಣ್ಣು ಅವಳ ಮೇಲೆ ಬೀಳತೊಡಗಿದಾಗ ಅಪ್ಪ ಹತ್ತನೇ ವರ್ಷಕ್ಕೆ ಅವಳ ಶಾಲೆ ಬಿಡಿಸಿದ. ಎತ್ತರ ನಾಲ್ಕು ಅಡಿ ಏಳು ಇಂಚಿಗೆ ನಿಂತುಬಿಟ್ಟಿತು. ಮುಂದಿನ ಹಲ್ಲುಗಳು ಬಿದ್ದ ಮೇಲೆ ಪಕ್ಕದವುಗಳಿಂದ ಕಚ್ಚುತ್ತಿದ್ದಳು. ಹನ್ನೊಂದಕ್ಕೆ ಹಾಲುಹಲ್ಲುಗಳೆಲ್ಲ ಮುಗಿದವು, ಕಚ್ಚುವ ಕೆಲಸವೂ ಮುಗಿಯಿತು. ಮೇಸ್ತ್ರಿ ಅವಳ ತಲೆ ಸವರಿ, ಒಳ್ಳೇ ಹಲ್ಲಿತ್ತು ಕಣಮ್ಮ, ಅಂದು ಹೋದ.

ನಾನು ಹದಿನಾರಕ್ಕೆ ಅದೇ ಫ್ಯಾಕ್ಟರಿಯ ಪ್ಯಾಕಿಂಗಿಗೆ ಸೇರಿದೆ. ಮೂರು ತಿಂಗಳಾಗಿತ್ತು. ಒಂದು ದಿನ ಡಬ್ಬಿಗೆ ಅಂಟಿಸಲು ಹೊಸ ಚೀಟಿಗಳು ಬಂದವು. ಅದರಲ್ಲಿ ಮಗು ಬಾಯಿಗೆ ಹಾಕಿಕೊಂಡರೂ ಈ ಗೊಂಬೆಯಿಂದ ಅಪಾಯವಿಲ್ಲ ಅಂತ ಬರೆದಿತ್ತು. ಸೂಪರ್‌ವೈಸರ್ ವಿವರಿಸಿದ: ಮಾಲು ಕೊಳ್ಳುವ ದೇಶದಲ್ಲಿ ಕಾನೂನು ಬಂದಿದೆ, ಹಳೇ ಎಣ್ಣೆ ಹಾಕಿದ ಗೊಂಬೆ ತೆಗೆದುಕೊಳ್ಳುವುದಿಲ್ಲವಂತೆ, ಯಾಕೆಂದರೆ ಮಕ್ಕಳು ಗೊಂಬೆ ಚೀಪುತ್ತಾರೆ. ಇನ್ನು ಮೇಲೆ ಗೊಂಬೆಗೆ ಬೇರೆ ಎಣ್ಣೆ. ಹಳೇ ಎಣ್ಣೆಯ ಪೀಪಾಯಿಗಳನ್ನು ಚಪ್ಪಲಿಯ ಪಟ್ಟಿ ಮಾಡುವ ಕಡೆಗೆ ಉರುಳಿಸಿದರು. ಚಪ್ಪಲಿಯನ್ನು ಯಾರೂ ಬಾಯಿಗೆ ಹಾಕುವುದಿಲ್ಲವಲ್ಲ!

ಆದರೆ ಚಪ್ಪಲಿಯ ಪಟ್ಟಿಗೂ ಪೊರೆ ಬರುತ್ತದೆ. ಆ ಪೊರೆಯನ್ನೂ ನಮ್ಮ ಸಾಲಿನ ಮಕ್ಕಳೇ ಕಚ್ಚಬೇಕು. ಎಲ್ಲೋ ತೊಟ್ಟಿಯ ನೀರಿನಲ್ಲಿ ಕೂತು ಆಡುವ ಕೂಸು ಒಂದು ಬಾತುಕೋಳಿಯನ್ನು ಚೀಪಿದರೆ ಕಾನೂನಿಗೆ ಕರುಳು ಚುರುಕ್ಕೆನ್ನುತ್ತದೆ. ದಿನಕ್ಕೆ ಇನ್ನೂರು ಬಾತುಕೋಳಿ ಕಚ್ಚಿದ ಕೂಸು ಆ ಕಾನೂನಿನ ಲೆಕ್ಕದಲ್ಲಿ ಕೂಸೇ ಅಲ್ಲ. ಚೀಟಿ ಕೈಯಲ್ಲಿ ಹಿಡಿದು ನಾನೂ ಇದನ್ನೆಲ್ಲ ಯೋಚಿಸಲಿಲ್ಲ ಅನ್ನಿ. ನೆಟ್ಟಗೆ ಅಂಟಿಸಿದೆ. ಅದನ್ನು ನೆನೆದರೆ ನನ್ನ ಕೈಯನ್ನೇ ನಾನು ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕ ಹೊಲಿಗೆ ಕಲಿತಳು. ಶಾಲೆ ಬಿಡಿಸಿಕೊಂಡವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದರಲ್ಲಿ ಹೆಸರಾದಳು. ಒಂದು ಕೋಣೆ, ಕಿಟಕಿಯ ಕೆಳಗೆ ಮೆಷಿನ್ನು, ಮೂಲೆಯಲ್ಲಿ ಬಟ್ಟೆಚೂರುಗಳ ಬುಟ್ಟಿ. ಅಳತೆಯ ಟೇಪು ಕೊರಳಲ್ಲಿ ನೇತಾಡುತ್ತದೆ, ಆದರೆ ಬಾಗಿಲಲ್ಲಿ ನಿಂತ ಮಗುವನ್ನು ಕಣ್ಣಲ್ಲೇ ಅಳೆದುಬಿಡುತ್ತಾಳೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಾಳೆ. ಭಾವ ಮನೆಮನೆಗೆ ಹೋಗಿ ವೈರಿಂಗ್ ಮಾಡುವವನು, ಮಾತು ಕಡಿಮೆ, ಮನುಷ್ಯ ಅಪರಂಜಿ.

ನಾಲ್ಕು ಸಲ ಅಕ್ಕ ಬಸಿರಾದಳು. ನಾಲ್ಕೂ ಸಲ ಮೂರನೇ ತಿಂಗಳು ದಾಟಲಿಲ್ಲ. ಮೊದಲ ಸಲ ಹೊಲಿದಿಟ್ಟಿದ್ದ ಪುಟ್ಟ ಅಂಗಿಯನ್ನು ನನ್ನ ಮಗನಿಗೆ ತಂದುಕೊಟ್ಟಳು. ನಾಲ್ಕನೆಯ ಸಲ ಏನೂ ಹೊಲಿಯಲಿಲ್ಲ. ಅವಳ ಅತ್ತೆ ನಾಲಿಗೆ ಹರಿಬಿಟ್ಟಳು, ಬಂಜೆ ಅಂದಳು, ಯಾವ ಜನ್ಮದ ಪಾಪವೋ ಅಂದಳು. ಆ ಮೇಲೆ ಥೈರಾಯ್ಡಿನ ಮಾತ್ರೆ ಶುರುವಾಯಿತು. ಮೂವತ್ತೊಂಬತ್ತಕ್ಕೆ ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು, ಬಾಡಿಗೆಗೆ ಯಾರೂ ನಿಲ್ಲದ ಮನೆ, ಕೆಡವಿದ್ದೇ ಒಳ್ಳೇದಾಯ್ತು ಬಿಡು, ಅಂದಳು. ನಾನು ನಗಲಿಲ್ಲ. ಭಾವ ಎದ್ದು ಹೊರಗೆ ಹೋದ.

ಇಷ್ಟು ವರ್ಷಗಳಲ್ಲಿ ಎಷ್ಟು ಡಾಕ್ಟರನ್ನು ನೋಡಿಲ್ಲ! ಏನು ತಿಂದೆ, ಮನೆತನದಲ್ಲಿ ಯಾರಿಗಿತ್ತು, ಗಂಡ ಕುಡಿಯುತ್ತಾನಾ, ಎಲ್ಲ ಕೇಳಿದರು. ಚಿಕ್ಕಂದಿನಲ್ಲಿ ಏನು ಕೆಲಸ ಮಾಡಿದೆ ಅಂತ ಒಬ್ಬರೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ದೊಡ್ಡಾಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಕೇಳಿದರು. ಕಚ್ಚುವ ಕೆಲಸ ಅಂದಳು ಅಕ್ಕ. ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರಂತೆ. ಆಮೇಲೆ ನಮ್ಮ ಸಾಲಿನಲ್ಲಿ ಅಕ್ಕನ ವಾರಗೆಯ ಹನ್ನೊಂದು ಹೆಂಗಸರನ್ನು ಹುಡುಕಿ ಕರೆಸಿದರು. ಏಳು ಜನರದ್ದು ಹೆಚ್ಚುಕಡಿಮೆ ಅಕ್ಕನದೇ ಕತೆ. ಡಾಕ್ಟರಮ್ಮ ಸುಳ್ಳು ಭರವಸೆ ಕೊಡುವವರಲ್ಲ. ಒಬ್ಬರ ಕಾಯಿಲೆಗೆ ಇದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ, ಆದರೆ ಇಂಥ ಎಣ್ಣೆ ಚಿಕ್ಕ ಮಕ್ಕಳ ಮೈಗೆ ಹೋದರೆ ಹಾರ್ಮೋನುಗಳು ಏರುಪೇರಾಗಬಹುದು, ಇಡೀ ಸಾಲನ್ನು ಒಟ್ಟಿಗೆ ನೋಡಿದರೆ ಸುಮ್ಮನಿರಲು ಆಗುವುದಿಲ್ಲ ಅಂದರು.

ಅಕ್ಕ ಇಷ್ಟಕ್ಕೇ ಬಿಟ್ಟುಬಿಡುತ್ತಿದ್ದಳೋ ಏನೋ. ನನ್ನದು ಹೋಯಿತು, ಇನ್ನು ಕೆದಕಿ ಏನು ಅನ್ನುತ್ತಿದ್ದಳು. ಆದರೆ ಶಾಲೆ ಶುರುವಾಗುವ ಮುಂಚೆ ಅಳತೆ ಕೊಡಲು ಒಂದು ಪುಟ್ಟ ಹುಡುಗಿ ಬಂತು. ಆರು ವರ್ಷವಿರಬಹುದು. ತುಟಿ ಮಿರಮಿರ. ಅಕ್ಕ ಮೂಸಿ ನೋಡಿದಳು, ಅದೇ ವಾಸನೆ. ಏನು ಕಚ್ಚುತ್ತೀಯಾ ಅಂತ ಕೇಳಿದರೆ, ಚಪ್ಪಲಿ ಪಟ್ಟಿ, ನಮ್ಮ ಸಾಲಿಗೆಲ್ಲ ನಾನೇ ಫಾಸ್ಟು, ಅಂದಿತು ಮಗು ಎದೆ ಉಬ್ಬಿಸಿ. ಅಕ್ಕ ಆ ಮಗುವಿನ ಎದೆಯಳತೆ ತೆಗೆಯಲಾರದೆ ಟೇಪು ಕೈಯಲ್ಲಿ ಹಿಡಿದು ಅಳುತ್ತಾ ಕೂತಳು. ಮಾರನೆಯ ದಿನ ಡಾಕ್ಟರಮ್ಮನ ಕಾಗದ ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಹೋದಳು.

ಅಲ್ಲಿಂದ ಎರಡು ವರ್ಷ ಕಚೇರಿಗೆ ಅಲೆದದ್ದು ಬೇರೆಯೇ ಕತೆ. ಕೊನೆಗೆ ಅಧಿಕಾರಿ ಒಂದು ಮಾತು ಹೇಳಿದ. ಆಗ ನೀವು ಮಕ್ಕಳು, ನಿಮ್ಮ ನೆನಪನ್ನು ಫ್ಯಾಕ್ಟರಿಯವರು ಒಪ್ಪುವುದಿಲ್ಲ. ಚೀಲ ಇಸಿದುಕೊಂಡು ಮಕ್ಕಳಿಂದ ಕಚ್ಚಿಸಿದ ದೊಡ್ಡವರು ಯಾರಾದರೂ ಬಂದು ಹೇಳಬೇಕು. ಒಬ್ಬರಾದರೂ ಸಾಕು. ಮುಂದಿನ ಗುರುವಾರದ ವಿಚಾರಣೆಗೆ ಯಾರೂ ಬಾರದಿದ್ದರೆ ಕಡತ ಮುಚ್ಚುತ್ತೇನೆ ಅಂದ. ಕಡತ ಮುಚ್ಚಿದರೆ ತಳ್ಳುಗಾಡಿ ಎಂದಿನಂತೆ ಆ ಪುಟ್ಟ ಹುಡುಗಿಯ ಬಾಗಿಲಿಗೆ ಬರುತ್ತದೆ, ಅಷ್ಟೇ.

ಅಪ್ಪ ಆಗಲೇ ತೀರಿಕೊಂಡಿದ್ದ. ಅಂದಿನ ತಾಯಂದಿರಲ್ಲಿ ಬದುಕಿದ್ದು ಕೈಗೆ ಸಿಗುವಂತಿದ್ದವರು ಮೂವರು. ಒಬ್ಬಳಿಗೆ ಮರೆವು. ಇನ್ನೊಬ್ಬಳ ಮಗ ಅದೇ ಫ್ಯಾಕ್ಟರಿಯಲ್ಲಿ ಡ್ರೈವರು, ಆಕೆ ಬಾಗಿಲನ್ನೇ ತೆಗೆಯಲಿಲ್ಲ. ಮೂರನೆಯವಳು ನಮ್ಮ ಅಮ್ಮ, ನನ್ನ ಮನೆಯಲ್ಲೇ ಇರುವವಳು. ಮೊದಮೊದಲು ಅವಳೂ ಡಾಕ್ಟರಮ್ಮನ ಜೊತೆ ಚೆನ್ನಾಗೇ ಮಾತಾಡಿದ್ದಳು. ಒಂದು ಸಲ ಡಾಕ್ಟರಮ್ಮ ಮಾತಿನ ಮಧ್ಯೆ, ಪ್ಲಾಸ್ಟಿಕ್ ಮೆತ್ತಗಿದ್ದಷ್ಟೂ ಎಣ್ಣೆ ಹೆಚ್ಚು, ಅಷ್ಟೂ ಬಾಯಿಗೆ ಹೋಗುತ್ತದೆ ಅಂದರು. ಅಮ್ಮ ಅಲ್ಲಿಂದ ಎದ್ದು ಬಂದವಳು ಆಮೇಲೆ ಆ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಗುರುವಾರದ ಮಾತೆತ್ತಿದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

ಬುಧವಾರ ಮಧ್ಯಾಹ್ನ ನಾನು ತಾಳ್ಮೆಗೆಟ್ಟೆ. ಯಾರ ಮಾನ ಉಳಿಸಿಕೊಳ್ಳುವುದಕ್ಕೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಾ ಅಂತ ಶುರು ಮಾಡಿದವಳು ನಿಲ್ಲಿಸಲಿಲ್ಲ. ಕೊನೆಗೆ ಬಾಯಿಂದ ಬಂದೇಬಿಟ್ಟಿತು.

“ನಾಲ್ಕು ಮೊಮ್ಮಕ್ಕಳನ್ನ ನಿನ್ನ ಕೈಯಾರೆ ಕಳೆದೆ. ಅದನ್ನ ಹೇಳಕ್ಕೂ ಆಗಲ್ವಾ ನಿಂಗೆ?”

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೊರಳಲ್ಲಿ ಟೇಪು. ಅವಳು ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ನನ್ನ ಭುಜದಷ್ಟು ಎತ್ತರವಿಲ್ಲದವಳ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಇನ್ನೊಂದು ಸಲ ಅಮ್ಮನಿಗೆ ಹೀಗಂದರೆ ನಿನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂದಳು. ನಂಗೂ ಸಿಟ್ಟಿದೆ ಕಣೇ, ಅಂದಳು. ಆದ್ರೆ ಚೀಲ ಕಳಿಸಿದೋರು ಅಲ್ಲಿ ಎ.ಸಿ. ಹಾಕ್ಕೊಂಡು ಕೂತಿದ್ದಾರೆ, ನೀನು ಇವಳ ಮೇಲೆ ಹಾರಾಡ್ತಿದ್ದೀಯಲ್ಲ. ನನಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮ ತಾನಾಗಿ ಸ್ನಾನ ಮಾಡಿ, ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತಿದ್ದಳು. ಅಕ್ಕ ಆಟೋ ಕರೆದಳು.

ಕಚೇರಿಯ ಕೋಣೆ ಚಿಕ್ಕದು, ಬೀರುಗಳ ಮೇಲೆ ಕಡತಗಳು ಸೂರಿನವರೆಗೆ. ಫ್ಯಾಕ್ಟರಿಯ ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲೇ ಬಂದು ಕೂತಿದ್ದ. ಮಾತು ಬಲು ಮೃದು. ಸಂಸ್ಥೆ ಎಂದೂ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ, ಮನೆಗೆ ಕೊಟ್ಟ ಕೆಲಸಕ್ಕೆ ಕತ್ತರಿಯನ್ನೂ ಕೊಡುತ್ತಿದ್ದರು ಅಂದ. ಕತ್ತರಿ ಅಂತೆ! ಈ ತಾಯಂದಿರ ಬಗ್ಗೆ ನಮಗೆ ಗೌರವವಿದೆ, ಆದರೆ ಮನೆಯಲ್ಲಿ ಗೊಂಬೆ ಬಿದ್ದಿದ್ದರೆ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅದು ಸಹಜ ತಾನೇ ಅಂದ. ನಾನು ಎದ್ದು ನಿಂತೆ. ಅಕ್ಕ ನನ್ನ ಬಟ್ಟೆ ಜಗ್ಗಿ ಕೂರಿಸಿದಳು.

ಅಧಿಕಾರಿ ಅಮ್ಮನ ಕಡೆ ತಿರುಗಿ, ನೀವು ಏನಾದರೂ ಹೇಳುವುದಿದೆಯಾ ಅಜ್ಜಿ ಅಂದ. ಅಮ್ಮ ಮ್ಯಾನೇಜರನನ್ನು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಾ ಮಾತಾಡಿದಳು.

“ಕತ್ತರಿ ಯಾರೂ ಕೊಟ್ಟಿಲ್ಲ. ನಾನೇ ಕಚ್ಚಿಸಿದ್ದು. ದೊಡ್ಡ ಮಗಳ ಕೈಲಿ, ನಾಲ್ಕು ವರ್ಷದಿಂದ ಹನ್ನೊಂದು ವರ್ಷದವರೆಗೆ. ದವಡೆ ನೋಯುತ್ತೆ ಅಂತ ಮೆತ್ತಗಿರೋದನ್ನೇ ಆರಿಸಿ ಆರಿಸಿ ಕೊಟ್ಟೆ.”

ಅಧಿಕಾರಿ ಬರೆಯುತ್ತಿದ್ದ. ಅಮ್ಮ ಮುಂದುವರಿಸಿದಳು.

“ಅವಳ ಮೊದಲನೇ ಹಲ್ಲು ಬಾತುಕೋಳಿ ಕತ್ತಲ್ಲಿ ಸಿಕ್ಕಿ ಕಿತ್ಕೊಂಡು ಬಂತು. ಹಲ್ಲು ಬಿಡಿಸಿ ಬಿಸಾಕಿದೆ. ಬಾತುಕೋಳಿಗೆ ರಕ್ತ ಆಗಿತ್ತು. ಅದನ್ನ ಒರೆಸಿ ಚೀಲಕ್ಕೆ ಹಾಕ್ದೆ. ಮಗು ಬಾಯಿ ಆಮೇಲೆ ಒರೆಸಿದೆ.”

ನನ್ನ ಪಕ್ಕದಲ್ಲಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮೂವತ್ತೆಂಟು ವರ್ಷ ಹಲ್ಲು ಬಚ್ಚಲಲ್ಲಿ ಬಿತ್ತು ಅಂತ ಸಾಧಿಸಿಕೊಂಡು ಬಂದವಳು ಅಮ್ಮ.

ಹೇಳಿದ್ದನ್ನು ಓದಿ ಹೇಳಿ ಅಂದಳು ಅಮ್ಮ. ಅಧಿಕಾರಿ ಓದಿದ. ಸಾಕ್ಷಿದಾರಳ ಮಗಳು ಬಾಲ್ಯದಲ್ಲಿ ಮನೆಯಲ್ಲಿ ಸದರಿ ಗೊಂಬೆಗಳನ್ನು ಕಚ್ಚಿ ಆಡುತ್ತಿದ್ದಳೆಂದು, ಅಂತ ಶುರುವಾಯಿತು. ಮ್ಯಾನೇಜರ್ ತಲೆದೂಗಿದ. ಅಮ್ಮ ಮೇಜಿನ ಮೇಲೆ ಅಂಗೈ ಇಟ್ಟಳು.

“ಆಡಲಿಲ್ಲ ಸಾರ್. ಅವಳು ಒಂದು ದಿನಾನೂ ಆಡಲಿಲ್ಲ. ಕೆಲಸ ಮಾಡಿದಳು. ಅದನ್ನ ಹೊಡೆದು ಹಾಕಿ, ಕೆಲಸ ಅಂತ ಬರೀರಿ. ತಪ್ಪು ಯಾರದು ಅಂತ ಬರೆಯೋ ಕಡೆ ನನ್ನ ಹೆಸರು ಮೊದಲು ಬರೀರಿ. ಕೆಳಗೆ ಇವರದ್ದು ಬರೀರಿ.”

ಅಧಿಕಾರಿ ಗೆರೆ ಎಳೆದು ಹೊಡೆದು ಹಾಕಿ, ಮೇಲೆ ಬೇರೆ ಬರೆದ. ಸೋಮವಾರ ತಾನೇ ಸಾಲುಮನೆಗಳಿಗೆ ತಪಾಸಣೆಗೆ ಬರುತ್ತೇನೆ, ಅಲ್ಲಿಯವರೆಗೆ ಒಂದು ಚೀಲವೂ ಹೊರಗೆ ಹೋಗಕೂಡದು ಅಂತ ಮ್ಯಾನೇಜರನಿಗೆ ಹೇಳಿ ಅದನ್ನೂ ಬರೆದ. ಮ್ಯಾನೇಜರ್ ಫೋನು ತೆಗೆದುಕೊಂಡು ಹೊರಗೆ ಹೋದ.

ಅಮ್ಮನಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ಒತ್ತಿದಳು, ಹಗುರವಾಗಿ ಅಲ್ಲ, ಬೆರಳು ಬೆಳ್ಳಗಾಗುವಷ್ಟು. ಅಕ್ಕ ಕೈಚೀಲದಿಂದ ಒಂದು ಬಟ್ಟೆಚೂರು ತೆಗೆದು, ಅವಳ ಕೈ ಹಿಡಿದು ಶಾಯಿ ಒರೆಸಲು ಹೋದಳು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

“ಒರೆಸಬೇಡ,” ಅಂದಳು. “ಇರಲಿ ಬಿಡು.”